ಲೋಹುವಿನ ಮೊಣಕಾಲು

ಕಿತ್ತೂರು
೧೨ ಜೂನ್ ೨೦೦೧

ಸವದತ್ತಿಯ ಶ್ರೀ ವೀರಪ್ಪನವರಿಗೆ ಶರಣು.

ನಾನು ನಿಮಗೆ ಗುರುತಿಲ್ಲ. ಆದರೆ ನಿಮ್ಮ ಕೈ ನನಗೆ ಎಂಟು ವರ್ಷದಿಂದ ಗುರುತು. ಹೆಸರು ಅನ್ನಪೂರ್ಣಾ ಬೆಳವಡಿ. ಕಿತ್ತೂರಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತೇನೆ.

ಸುತ್ತಿ ಬಳಸಿ ಬರೆಯುವುದು ನನಗೆ ಬರುವುದಿಲ್ಲ, ನೇರ ವಿಷಯಕ್ಕೆ ಬರುತ್ತೇನೆ. ೧೯೮೪ರಲ್ಲಿ ‘ಹತ್ತನೇ ಗ್ರಹ’ ಎಂಬ ಸಿನಿಮಾ ಬಂದು ನಾಲ್ಕೇ ದಿನ ಓಡಿತು. ಅದರ ಕಥೆಯನ್ನು ಹುಬ್ಬಳ್ಳಿಯ ಒಂದು ವಾರಪತ್ರಿಕೆ ಇಪ್ಪತ್ನಾಲ್ಕು ಪುಟಗಳ ಚಿತ್ರಕಥೆಯ ಪುಸ್ತಕವಾಗಿ ಅಚ್ಚು ಹಾಕಿತು. ಚಿತ್ರ ಬರೆದವರು ಆಗ ಬೈಲಹೊಂಗಲದಲ್ಲಿ ಬೋರ್ಡು ಬರೆಯುವ ಅಂಗಡಿ ಇಟ್ಟಿದ್ದ ನೀವು. ಆ ಸಿನಿಮಾದ ರೀಲು ಈಗ ಯಾರ ಹತ್ತಿರವೂ ಇಲ್ಲ, ಕೇಳಿ ಕೇಳಿ ಸಾಕಾಗಿದೆ. ಆದರೆ ಅಚ್ಚಿಗೆ ಹೋಗುವ ಮೊದಲು ನೀವು ಕಪ್ಪು ಮಸಿಯಲ್ಲಿ ಬರೆದ ಮೂಲ ಹಾಳೆಗಳಿದ್ದವಲ್ಲ, ಅವುಗಳಲ್ಲಿ ಇಪ್ಪತ್ಮೂರು ನನ್ನ ಹತ್ತಿರ ಇವೆ.

ಹೇಗೆ ಸಿಕ್ಕವು ಎಂದು ಕೇಳುತ್ತೀರಿ. ೧೯೯೩ರಲ್ಲಿ ನಮ್ಮ ಅಜ್ಜನ ಫೋಟೊದ ಗಾಜು ಒಡೆಯಿತು. ಹಿಂದಿನ ಮೊಳೆ ಕಿತ್ತರೆ ಅಜ್ಜನ ಬೆನ್ನಿಗೆ ಅಂಟಿಕೊಂಡು ಒಂದು ಯಂತ್ರಮಾನವ ನಿಂತಿದೆ! ಫ್ರೇಮು ಹಾಕಿದವರು ಬೈಲಹೊಂಗಲ ಪೇಟೆಯ ನಿಜಗುಣಪ್ಪನವರು. ಹೋಗಿ ಕೇಳಿದೆ. “ಚಲೋ ದಪ್ಪ ಹಾಳಿ ಇದ್ದುವವಾ, ರಟ್ಟ ಯಾಕ ತರೂದು ಅಂತ ಫೋಟೊದ ಹಿಂದ ಹಾಕಿ ಮೊಳಿ ಹೊಡದೆ” ಎಂದರು. ಆ ಹಾಳೆಗಳನ್ನು ಬಳಸಿದ ವರ್ಷ ದೊಡ್ಡ ಫೋಟೊ ಹಾಕಿಸಿದವರು ಯಾರ್ಯಾರು ಎಂದು ನೆನಪಿಸಿಕೊಂಡು ಹೇಳಿದರು.

ಅಂದಿನಿಂದ ಕಂಡವರ ಮನೆ ಗೋಡೆ ನೋಡುವುದೇ ನನ್ನ ಕೆಲಸವಾಯಿತು. ಸಂಪಗಾಂವದ ಕೆಂಚವ್ವ ಒನಕೆ ಹಿಡಿದು ನಿಂತಳು. “ನನ್ನ ಗಂಡನ ಬೆನ್ನಾಗ ಏನೈತಿ ಅಂತ ನಿನಗ ಹ್ಯಾಂಗ ಗೊತ್ತಾತ? ನಲವತ್ತ ವರ್ಷ ಬಾಳೇವು ಮಾಡಿದಾಕಿ ನಾ, ನನಗ ಗೊತ್ತಿಲ್ಲ!” ಚಚಡಿಯಲ್ಲಿ ಹಾಳೆ ಇದ್ದದ್ದು ಪೂಜೆಯ ಜಗಲಿಯ ಮೇಲಿನ ದೇವರ ಫೋಟೊದ ಹಿಂದೆ. ಸೋಮವಾರ ತಲೆ ಮೇಲೆ ನೀರು ಹಾಕಿಕೊಂಡು, ಉಪವಾಸ ಇದ್ದು ಬಂದರೆ ಬಿಚ್ಚಬಹುದು ಎಂದರು. ಇದ್ದೆ. ಬಿಚ್ಚಿದ ಎಲ್ಲ ಫೋಟೊಗಳಿಗೂ ಹೊಸ ರಟ್ಟು, ಹೊಸ ಗಾಜು ಹಾಕಿಸಿ ಕೊಟ್ಟಿದ್ದೇನೆ. ಒಬ್ಬರ ಮನೆಯಲ್ಲೂ ಬೈಸಿಕೊಂಡಿಲ್ಲ, ಕೆಂಚವ್ವನನ್ನು ಬಿಟ್ಟು.

ಹಾಳೆಗಳನ್ನು ಸಿಕ್ಕಂತೆಯೇ ಇಟ್ಟಿದ್ದೇನೆ. ಗೆದ್ದಲು ತಿಂದ ಮೂಲೆ, ಅಳಿಸದೆ ಉಳಿದ ಪೆನ್ಸಿಲ್ ಗೆರೆ, ಬಿಳಿ ಬಣ್ಣ ಹಚ್ಚಿ ತಿದ್ದಿದ ಜಾಗ, ಎಲ್ಲ ಹಾಗೇ. ಮೂಲಕ್ಕೆ ಯಾರೂ ಕೈ ಹಚ್ಚಬಾರದು. ಬರೆದವರೂ ಹಚ್ಚಬಾರದು. ಇದು ನನ್ನ ಕಟ್ಟಳೆ.

ಸಿಗದೆ ಉಳಿದದ್ದು ಕೊನೆಯ ಪುಟ ಒಂದೇ. ಯಂತ್ರಮಾನವ ಲೋಹು ತನ್ನ ಒಡೆಯನನ್ನು ಭೂಮಿಗೆ ಕಳಿಸಿಕೊಟ್ಟು, ಆ ಬರಡು ಗ್ರಹದಲ್ಲಿ ಒಂಟಿಯಾಗಿ ನಿಂತು ಅಳುವ ಪುಟ. ನಿಜಗುಣಪ್ಪನವರ ಕೈಗೆ ಅದು ಬಂದೇ ಇಲ್ಲವಂತೆ, ನಿಮ್ಮ ಹತ್ತಿರ ಇದೆ ಎಂದು ನನಗೆ ಖಾತ್ರಿ. ಕೊಡಿ ಎಂದು ಕೇಳುತ್ತಿದ್ದೇನೆ.

ನಿಮ್ಮ ಕೈಯನ್ನು ಮೆಚ್ಚಿದ,
ಅನ್ನಪೂರ್ಣಾ ಬೆಳವಡಿ


ಸವದತ್ತಿ
೩ ಜುಲೈ ೨೦೦೧

ಅನ್ನಪೂರ್ಣಾ ಅವರಿಗೆ,

ಪುಟ ನನ್ನ ಹತ್ತಿರ ಇದೆ. ಕೊಡುವುದಿಲ್ಲ.

ಇಷ್ಟು ಬರೆದು ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದೆ. ನಿಮ್ಮ ಕಾಗದದಲ್ಲಿ ಒಂದು ತಪ್ಪಿದೆ. ಚಿತ್ರ ಬರೆದವನು ನಾನೊಬ್ಬನೇ ಅಲ್ಲ. ಪತ್ರಿಕೆಯವರು ನನ್ನ ಹೆಸರೊಂದೇ ಹಾಕಿದರು. ಅಂಗಡಿಯಲ್ಲಿ ನಾವು ಇಬ್ಬರಿದ್ದೆವು, ನಾನು ಮತ್ತು ಟಿಪ್ಪುಸಾಬ.

ಟಿಪ್ಪು ಮುಖ ಬರೆಯುತ್ತಿರಲಿಲ್ಲ. ಅವನ ತಾಯಿ ಮದರಬಿ ಹಾಗೆ ಮಾತು ತೆಗೆದುಕೊಂಡಿದ್ದಳು. “ಮುಖಾ ಬರದಾವಗ ನಾಳೆ ಮ್ಯಾಲ ಹೋದಾಗ ಅದರಾಗ ಉಸರ ತುಂಬು ಅಂತಾರ. ನಿನ್ನ ಕಡಿಂದ ಆಗತದೇನು?” ಎಂದು ನನ್ನ ಮುಂದೆಯೇ ಕೇಳಿದ್ದಳು. ಹೀಗಾಗಿ ಹಂಚಿಕೊಂಡಿದ್ದೆವು. ಮನುಷ್ಯರು ನನ್ನ ಪಾಲು. ಯಂತ್ರ, ನೌಕೆ, ಗ್ರಹ, ಕಲ್ಲುಮಣ್ಣು ಅವನ ಪಾಲು. ಸಿನಿಮಾದವರು ಕಳಿಸಿದ್ದು ಹನ್ನೊಂದೇ ಫೋಟೊ, ಅದರಲ್ಲಿ ನೌಕೆಯ ಒಳಗಿನದು ಒಂದೂ ಇರಲಿಲ್ಲ. ಟಿಪ್ಪು ಬೈಲಹೊಂಗಲದ ಹತ್ತಿ ಜಿನ್ನಿಂಗ್ ಗಿರಣಿಗೆ ಹೋಗಿ ಎರಡು ದಿನ ಕುಳಿತು ಬಂದ. ನಿಮ್ಮ ಬಳಿ ಇರುವ ಏಳನೇ ಪುಟ ತೆಗೆದು ನೋಡಿ, ಆ ನೌಕೆ ಹಾರುವುದು ಹತ್ತಿ ಹಿಂಜುವ ರೋಲರಿನ ಮೇಲೆ!

ಲೋಹು ಡಬ್ಬಿ ತಲೆಯ ಯಂತ್ರ, ಇಪ್ಪತ್ಮೂರು ಪುಟ ಅವನೇ ಬರೆದ. ಕೊನೆಯ ಪುಟದಲ್ಲಿ ಅದು ಅಳಬೇಕಿತ್ತು. ಅಲ್ಲಿ ಬಿತ್ತು ಜಗಳ. “ಅಳತೈತಿ ಅಂದ್ರ ಜೀವ ಬಂತು. ಜೀವ ಬಂದ ಮ್ಯಾಲ ಅದು ನನ್ನ ಪಾಲು” ಅಂದೆ. “ನಟ್ ಬೋಲ್ಟ್ ಇರೂ ತನಕಾ ಅದು ನಂದು. ಮುಟ್ಟಿದರ ನೋಡು” ಅಂದ. ಎದ್ದು ರಾಮದುರ್ಗಕ್ಕೆ ಹೋದವನು ತಿರುಗಿ ಬರಲಿಲ್ಲ. ಆ ಪುಟ ಪೂರ್ತಿ ನಾನೇ ಬರೆದೆ. ಮೊಣಕಾಲು ಕೆಟ್ಟಿತು, ಕೀಲು ಹಿಂದುಮುಂದಾಯಿತು. ಹಾಳೆಗಳು ಪ್ರೆಸ್ಸಿನಿಂದ ವಾಪಸು ಬಂದಾಗ ಸಿಟ್ಟಿನ ಭರದಲ್ಲಿ ಕಟ್ಟನ್ನೇ ನಿಜಗುಣಪ್ಪನಿಗೆ ಕೊಟ್ಟೆ. ಇದೊಂದನ್ನು ಕೊಡಲು ಕೈ ಬರಲಿಲ್ಲ.

ಇನ್ನು ಬರೆಯಬೇಡಿ.

ವೀರಪ್ಪ


ಕಿತ್ತೂರು
೨೦ ಜುಲೈ ೨೦೦೧

ರಾಮದುರ್ಗದ ಟಿಪ್ಪುಸಾಬ ಚಾಚಾ ಅವರಿಗೆ ಸಲಾಂ.

ನಿಮ್ಮ ವಿಳಾಸ ನಿಜಗುಣಪ್ಪನವರಿಂದ ಸಿಕ್ಕಿತು. ನೀವೂ ವೀರಪ್ಪನವರೂ ಕೂಡಿ ಬರೆದ ‘ಹತ್ತನೇ ಗ್ರಹ’ದ ಇಪ್ಪತ್ಮೂರು ಮೂಲ ಪುಟಗಳನ್ನು ಮನೆ ಮನೆಯ ಗೋಡೆಯಿಂದ, ಒಂದು ಕಡೆ ಉಪವಾಸವನ್ನೂ ಮಾಡಿ, ಕೂಡಿಸಿದವಳು ನಾನು, ಅನ್ನಪೂರ್ಣಾ. ಇಬ್ಬರು ಬರೆದದ್ದೆಂದು ವೀರಪ್ಪನವರು ಹೇಳಿದ ಮೇಲೆ ಭೂತಗನ್ನಡಿ ಹಿಡಿದು ಕುಳಿತೆ. ಒಂದು ಗೆರೆ ಅಳತೆ ನೋಡಿ, ತೂಗಿ, ಜಗ್ಗದಂತೆ ಎಳೆದದ್ದು. ಇನ್ನೊಂದು ಒಂದೇ ಉಸಿರಿಗೆ ಎಳೆದದ್ದು. ಎಂಟು ವರ್ಷ ನನ್ನ ಕಣ್ಣಿಗೆ ಬೀಳಲಿಲ್ಲವಲ್ಲ, ಎಂಥಾ ಡ್ರಾಯಿಂಗ್ ಅಕ್ಕೋರು ನಾನು! ನಾಚಿಕೆಯಾಯಿತು, ಬಚ್ಚಿಡುವುದಿಲ್ಲ.

ಬರುವ ವರ್ಷ ನಮ್ಮ ಶಾಲೆಯ ಹಾಲ್‌ನಲ್ಲಿ ಈ ಪುಟಗಳನ್ನು ಪ್ರದರ್ಶನಕ್ಕೆ ಇಡುತ್ತೇನೆ. ಎರಡೂ ಹೆಸರು ಬರೆಸುತ್ತೇನೆ, ಯಾರು ಬೇಡವೆಂದರೂ ಬರೆಸುತ್ತೇನೆ. ಆದರೆ ಕೊನೆಯ ಪುಟ ಇಲ್ಲದೆ ಅದು ಬಾಗಿಲಿಲ್ಲದ ಮನೆ. ವೀರಪ್ಪನವರು ಕೊಡುವುದಿಲ್ಲ ಎನ್ನುತ್ತಾರೆ. ನೀವು ಒಂದು ಮಾತು ಹೇಳಿದರೆ ಕೊಟ್ಟಾರು. ನಿಮ್ಮಲ್ಲಿ ಫೋನ್ ಇದ್ದರೆ ನಂಬರು ತಿಳಿಸಿ.

ವಿಶ್ವಾಸದಿಂದ,
ಅನ್ನಪೂರ್ಣಾ


ರಾಮದುರ್ಗ
೧೯ ಆಗಸ್ಟ್ ೨೦೦೧

ಅನ್ನಪೂರ್ಣಾ ಬಾಯಿಯವರಿಗೆ,

ಫೋನು ಇದೆ, ಅದಕ್ಕೆ ಹಚ್ಚುವ ಕಿವಿ ಇಲ್ಲ, ಎದುರಿಗೆ ಕುಳಿತು ಗಟ್ಟಿಯಾಗಿ ಹೇಳಿದರಷ್ಟೇ ಕೇಳುತ್ತದೆ. ಕಣ್ಣೂ ಮೊದಲಿನಂತಿಲ್ಲ. ಹೀಗಾಗಿ ನಾನು ಹೇಳುತ್ತೇನೆ, ಮಗಳು ಮೆಹೆರಾಜ ಬರೆಯುತ್ತಾಳೆ. ನಾನು ಬೈದದ್ದನ್ನೆಲ್ಲ ಬಿಟ್ಟು ಬರೆಯುತ್ತಾಳೆ, ಅದು ನಿಮಗೆ ಗೊತ್ತಿರಲಿ.

ವೀರಪ್ಪನಿಗೆ ನಾನು ಮಾತು ಹೇಳುವುದಿಲ್ಲ. ಅವನು ಬರೆದ ಕೊನೆಯ ಪುಟವನ್ನು ನಾನು ರಾಮದುರ್ಗದ ಬಸ್ ಸ್ಟ್ಯಾಂಡಿನಲ್ಲಿ, ಅಚ್ಚಾದ ಪುಸ್ತಕದಲ್ಲಿ ನೋಡಿದೆ. ಲೋಹುವಿನ ಮೊಣಕಾಲು ನೋಡಿದೆ. ಆ ಕೀಲಿಗೆ ನಾನು ಕಬ್ಬಿನ ಗಾಣದ ಕೀಲು ನೋಡಿಕೊಂಡು ಬಂದಿದ್ದೆ, ಇಪ್ಪತ್ಮೂರು ಪುಟದಲ್ಲಿ ಒಂದು ಕಡೆಯೂ ತಪ್ಪಿಲ್ಲ. ಅವನು ಕೋಳಿಯ ಕಾಲಿನಂತೆ ಹಿಂದಕ್ಕೆ ಮುರಿದು ಇಟ್ಟಿದ್ದ. ಬಾರದೆ ಮಾಡಿದ್ದರೆ ಬೇರೆ. ಹತ್ತು ವರ್ಷ ನನ್ನ ಪಕ್ಕದಲ್ಲಿ ಕುಳಿತವನಿಗೆ ಬರುವುದಿಲ್ಲವೇ? ಟಿಪ್ಪುವಿನ ಕೆಲಸ ಎಂದರೆ ಇಷ್ಟೇ, ಎಡಗೈಯಲ್ಲಿ ಗೀಚಿದರೂ ಆಗುತ್ತದೆ ಎಂದು ಊರಿಗೆಲ್ಲ ತೋರಿಸಲಿಕ್ಕೆ ಮಾಡಿದ. ನನ್ನ ಹೆಸರು ಹಾಕದೆ ಇದ್ದುದಕ್ಕೆ ನನಗೆ ಸಿಟ್ಟಿಲ್ಲ. ಆ ಮೊಣಕಾಲಿಗೆ ಇದೆ.

ಇನ್ನೊಂದು ಮಾತು. ಕೊನೆಯ ಪುಟ ನಾನೂ ಬರೆದಿದ್ದೇನೆ. ಆ ವಾರವೇ, ಇಲ್ಲಿ ಬಂದು. ಯಾರಿಗೂ ತೋರಿಸಿಲ್ಲ. ನೀವು ಹಾಳೆಗಾಗಿ ಉಪವಾಸ ಮಾಡಿದವರು, ಬಂದರೆ ತೋರಿಸುತ್ತೇನೆ.

ಟಿಪ್ಪುಸಾಬ


ಕಿತ್ತೂರು
೭ ಅಕ್ಟೋಬರ್ ೨೦೦೧

ವೀರಪ್ಪನವರೇ,

ಬರೆಯಬೇಡಿ ಎಂದಿರಿ, ಬರೆಯುತ್ತಿದ್ದೇನೆ. ಸಿಟ್ಟು ಬಂದರೆ ಹರಿದು ಒಲೆಗೆ ಹಾಕಿ, ಓದಿದ ಮೇಲೆ.

ಹೋದ ವಾರ ರಾಮದುರ್ಗಕ್ಕೆ ಹೋಗಿದ್ದೆ. ಚಾಚಾ ತಾವು ಬರೆದ ಇಪ್ಪತ್ನಾಲ್ಕನೇ ಪುಟ ತೋರಿಸಿದರು. ಲೋಹು ನಮಗೆ ಬೆನ್ನು ಮಾಡಿ ನಿಂತಿದೆ. ಮುಖವೇ ಇಲ್ಲ. ಭುಜದ ಎರಡು ಬೋಲ್ಟು ಸಡಿಲಾಗಿವೆ, ಕೈ ಜೋತಿವೆ, ಕಾಲ ಬುಡದ ಧೂಳಿನಲ್ಲಿ ಎರಡು ಹನಿ ಬಿದ್ದ ತಗ್ಗು. ಅಷ್ಟೇ. ಅದರ ಬೆನ್ನು ಅಳುತ್ತಿತ್ತು ವೀರಪ್ಪನವರೇ. ನಾನು ಕಣ್ಣೊರೆಸಿಕೊಂಡೆ. ಚಾಚಾ ಗತ್ತಿನಿಂದ ಕುಳಿತಿದ್ದರು. “ಅಳಾಕ ಮುಖಾ ಯಾಕ ಬೇಕ್ರಿ?” ಎಂದರು.

ಆ ಪುಟ ನನಗೆ ಕೊಟ್ಟರು. ಕೊಡುವಾಗ ಕೇಳಿದ್ದು ಒಂದೇ: “ಅಂವಾ ಹ್ಯಾಂಗದಾನ?” ನಾನು ಉತ್ತರ ಹೇಳುವಷ್ಟರಲ್ಲಿ “ಇರಲಿ, ಬ್ಯಾಡ” ಎಂದು ಒಳಗೆ ಹೋದರು.

ಈಗ ನನ್ನ ಹತ್ತಿರ ಅಚ್ಚಾಗದ ಕೊನೆಯ ಪುಟ ಇದೆ, ಅಚ್ಚಾದದ್ದರ ಮೂಲ ಇಲ್ಲ. ಎರಡನ್ನೂ ಪಕ್ಕಪಕ್ಕ ಇಡಬೇಕು. ಕೊಡಿ.

ಅನ್ನಪೂರ್ಣಾ


ಸವದತ್ತಿ
೨ ನವೆಂಬರ್ ೨೦೦೧

ಅನ್ನಪೂರ್ಣಾ ಅವರಿಗೆ,

ಒಲೆಗೆ ಹಾಕಿಲ್ಲ.

ಕೊಡುತ್ತೇನೆ. ಆದರೆ ಒಂದು ಕರಾರು. ಲೋಹುವಿನ ಮೊಣಕಾಲನ್ನು ಟಿಪ್ಪು ತನ್ನ ಕೈಯಿಂದ ತಿದ್ದಬೇಕು. ಆ ಮೂಲ ಹಾಳೆಯ ಮೇಲೆಯೇ. ಕಾಲು ಮುರಿದವನನ್ನು ನಾಲ್ಕು ಮಂದಿಯ ಮುಂದೆ ನಿಲ್ಲಿಸಲಾರೆ, ಅದರಲ್ಲೂ ಟಿಪ್ಪುವಿನ ಪುಟದ ಪಕ್ಕದಲ್ಲಿ. ತಿದ್ದಿದರೆ ಪುಟ ನಿಮ್ಮದು. ಇಲ್ಲದಿದ್ದರೆ ನಾನು ಹೋದ ಮೇಲೆ ನನ್ನ ಜೊತೆ ಮಣ್ಣಿಗೆ ಹೋಗುತ್ತದೆ.

ವೀರಪ್ಪ


ಕಿತ್ತೂರು
೧೧ ನವೆಂಬರ್ ೨೦೦೧

ವೀರಪ್ಪನವರೇ,

ಆಗುವುದಿಲ್ಲ.

ಮೂಲ ಎಂದರೆ ಏನು ಎಂದು ನಿಮಗೆ ನಾನು ಹೇಳಿಕೊಡಬೇಕೇ? ಮೊಣಕಾಲು ಸರಿ ಇರುವ ಚಿತ್ರ ಬೇಕಿದ್ದರೆ ಹತ್ತು ಬರೆಯಬಹುದು. ೧೯೮೪ರ ಆ ದಿನ ನಿಮ್ಮ ಕೈ ಏನು ಮಾಡಿತೋ ಅದು ಆ ಹಾಳೆಯಲ್ಲಿದೆ. ಅದರ ಮೇಲೆ ಬ್ಲೇಡು ಆಡಿಸಿ, ಬಿಳಿ ಹಚ್ಚಿ, ಹೊಸ ಮಸಿ ಎಳೆದರೆ ಉಳಿಯುವುದೇನು? ಎಂಟು ವರ್ಷ ನಾನು ಒಂದು ನೊಣದ ಗುರುತನ್ನೂ ಒರೆಸಿಲ್ಲ. ನನ್ನ ಸಂಗ್ರಹ ಅಪೂರ್ಣ ಉಳಿದರೂ ಚಿಂತೆಯಿಲ್ಲ, ಹಾಳು ಮಾಡಿಸಿಕೊಂಡು ಪೂರ್ಣ ಮಾಡಿಕೊಳ್ಳಲಾರೆ.

ನೀವು ಹಟಮಾರಿ ಎಂದು ಕೇಳಿದ್ದೆ. ನಾನೂ ಕಡಿಮೆ ಇಲ್ಲ.

ಅನ್ನಪೂರ್ಣಾ


ರಾಮದುರ್ಗ
೧೪ ಜುಲೈ ೨೦೦೨

ಅಕ್ಕಾ,

ಇದನ್ನು ಮೆಹೆರಾಜ ಬರೆಯುತ್ತಿದ್ದೇನೆ, ನಾನಾಗಿಯೇ. ಅಪ್ಪನಿಗೆ ಗೊತ್ತಿಲ್ಲ.

ಸಕ್ಕರೆ ಕಾಯಿಲೆಯಿಂದ ಅಪ್ಪನ ಬಲಗಣ್ಣು ಪೂರ್ತಿ ಹೋಗಿದೆ. ಎಡಗಣ್ಣು ಹೆಚ್ಚೆಂದರೆ ಇನ್ನು ಮೂರು ತಿಂಗಳು ಎಂದು ಡಾಕ್ಟರು ಹೇಳಿದರು. ಅಪ್ಪ ನಕ್ಕು, “ಒಂದ ಕಣ್ಣಿನ್ಯಾಗ ನಾ ಎರಡ ಕಣ್ಣಿನವ್ರಕಿಂತ ಛಲೋ ನೋಡತೇನಿ” ಎಂದು ಅವರಿಗೇ ಹೇಳಿ ಬಂದರು. ಮನೆಗೆ ಬಂದು ಬ್ರಷ್ಷುಗಳನ್ನೆಲ್ಲ ತೊಳೆದು ಇಟ್ಟುಕೊಂಡಿದ್ದಾರೆ. ಯಾತಕ್ಕೆ ಎಂದರೆ ಹೇಳುವುದಿಲ್ಲ.

ವೀರಪ್ಪ ಕಾಕಾ ಹಾಕಿದ ಕರಾರಿನ ವಿಷಯ ನೀವು ಎರಡನೇ ಸಲ ಇಲ್ಲಿಗೆ ಬಂದಾಗ ನನಗೆ ಹೇಳಿದ್ದಿರಿ. ಅದನ್ನು ಅಪ್ಪನಿಗೆ ಹೇಳಿಬಿಟ್ಟೆ. ತಪ್ಪು ಮಾಡಿದೆನೋ ಏನೋ. “ಅಂವಾ ನನ್ನ ಕೈಲೇ ತಿದ್ದಸ್ಬೇಕು ಅಂದನ? ಖರೇ ಅಂದನ?” ಎಂದು ಮೂರು ಸಲ ಕೇಳಿದರು. ಈಗ ದಿನಾ ಟಪಾಲಿನವನ ದಾರಿ ನೋಡುತ್ತಾರೆ. ಕಿತ್ತೂರಿನಿಂದ ಬಂತೇ ಎಂದು ಕೇಳುತ್ತಾರೆ.

ನಿಮ್ಮ ಕಟ್ಟಳೆ ನನಗೆ ಗೊತ್ತು. ಆದರೂ ಬರೆದೆ.

ಮೆಹೆರಾಜ


ಕಿತ್ತೂರು
೧೮ ಜುಲೈ ೨೦೦೨

ವೀರಪ್ಪನವರೇ,

ನಿಮ್ಮ ಕರಾರಿಗೆ ಒಪ್ಪಿದ್ದೇನೆ. ಸೋತೆ ಎಂದು ತಿಳಿದುಕೊಳ್ಳಬೇಡಿ, ನಿಮಗೆ ಸೋತದ್ದಲ್ಲ. ಮೆಹೆರಾಜಳ ಕಾಗದ ಇದರ ಜೊತೆ ಇಟ್ಟಿದ್ದೇನೆ, ಓದಿ.

ಎರಡು ದಿನದಿಂದ ನನಗೆ ಊಟ ಸೇರುತ್ತಿಲ್ಲ. ಒಂದು ಹಾಳೆಗಾಗಿ ಒಬ್ಬ ಮನುಷ್ಯನ ಕೊನೆಯ ಕೆಲಸ ತಪ್ಪಿಸುವವಳು ಎಂಥ ಸಂಗ್ರಾಹಕಿ ಎಂದು ನನಗೆ ನಾನೇ ಬೈದುಕೊಂಡೆ. ಮತ್ತೆ ಆ ಹಾಳೆಯ ಮೇಲೆ ಬ್ಲೇಡು ಬೀಳುವುದನ್ನು ನೆನೆಸಿಕೊಂಡು ಅತ್ತೆ. ಎರಡೂ ನಿಜ.

ಪುಟವನ್ನು ಟಪಾಲಿನಲ್ಲಿ ಹಾಕಬೇಡಿ. ನೀವೇ ತೆಗೆದುಕೊಂಡು ಹೋಗಬೇಕು. ಆಗಸ್ಟ್ ನಾಲ್ಕು, ಆದಿತ್ಯವಾರ, ಮುಂಜಾನೆಯ ಬಸ್ಸು. ಬೆಳಕು ಚೆನ್ನಾಗಿರುವಾಗ ಕೆಲಸ ಮುಗಿಯಬೇಕು. ನಾನು ಬರುವುದಿಲ್ಲ. ನೋಡಲಾರೆ.

ಅನ್ನಪೂರ್ಣಾ


ರಾಮದುರ್ಗ
೫ ಆಗಸ್ಟ್ ೨೦೦೨

ಅನ್ನಪೂರ್ಣಾ ಬಾಯಿಯವರಿಗೆ,

ನಿನ್ನೆ ಹತ್ತೂವರೆಗೆ ವೀರಪ್ಪ ಬಂದ. ಕೂದಲು ಒಂದೂ ಉಳಿದಿಲ್ಲ. ಹೊಸ್ತಿಲಲ್ಲಿ ನಿಂತು, “ಒಳಗ ಬರ್ಲೋ ಬ್ಯಾಡೋ?” ಅಂದ. “ಕಾಲ ಮುರದಾವ ನಿನ್ನ ಕೈಯಾಗಿದಾನ, ನೀ ಯಾಕ ಹೊರಗ ನಿಂತಿ?” ಅಂದೆ. ಇಷ್ಟೇ ನಮ್ಮ ಕುಶಲ.

ಕಿಟಕಿಯ ಕೆಳಗೆ ಹಲಗೆ ಇಟ್ಟು ಹಾಳೆ ಹರಡಿದೆವು. ಅವನು ಮಸಿ ತೇಯ್ದ, ಮೊದಲಿನಂತೆಯೇ. ಮಸಿ ಹಚ್ಚುವ ಮೊದಲು ಬೆರಳಿನಿಂದ ಹಾಳೆ ಸವರಿ ನೋಡುವುದು ನನ್ನ ರೂಢಿ. ಕಾಗದ ಒರಟಾಗಿದ್ದರೆ ಮಸಿ ಒಡೆಯುತ್ತದೆ. ಸವರಿದೆ. ಮುಖದ ಹತ್ತಿರ ನುಣುಪು, ಗ್ರಹದ ಹತ್ತಿರ ನುಣುಪು. ಮೊಣಕಾಲಿಗೆ ಬಂದಾಗ ಬೆರಳು ನಿಂತಿತು.

ಕಾಗದ ಸವೆದು ನೂಲೆದ್ದಿತ್ತು. ಎತ್ತಿ ಕಿಟಕಿಗೆ ಹಿಡಿದೆ. ಅಲ್ಲಿ ಮಾತ್ರ ಬೆಳಕು ಈಚೆ ಬರುತ್ತಿತ್ತು. ಮಸಿಯ ಕೆಳಗೆ ಪೆನ್ಸಿಲ್ ಒತ್ತಿದ ಗೀರುಗಳು, ಒಂದರ ಮೇಲೊಂದು. ಕಣ್ಣಿಗೆ ಅರ್ಧ ಕಂಡವು, ಬೆರಳಿಗೆ ಪೂರ್ತಿ ಸಿಕ್ಕವು. ಮೊಣಕಾಲನ್ನು ಬರೆದು ಅಳಿಸಿ, ಬರೆದು ಅಳಿಸಿ ಮಾಡಿದ್ದ. ಒಂದೊಂದೂ ನನ್ನ ಕೀಲನ್ನೇ ಮಾಡಲು ಹೋಗಿ ತಪ್ಪಿದ್ದು.

“ಎಷ್ಟ ಸಲ ಅಳಿಸೀದಿ?” ಅಂದೆ.

“ಎಣಿಸಿಲ್ಲ” ಅಂದ.

“ನಾ ಎಣಿಸೇನಿ. ಏಳು ಅದಾವು.”

ಅವನು ಮಸಿ ತೇಯುವುದನ್ನು ಬಿಟ್ಟ. “ಮೂರ ದಿನ ನಿನ್ನ ದಾರಿ ನೋಡಿದ್ನೋ ಟಿಪ್ಪ್ಯಾ. ನಾಕನೇ ದಿನ ಪ್ರೆಸ್ಸಿನ್ಯಾವ ಬಂದು ಬಾಗಲದಾಗ ಕುಂತ. ನೀ ಹ್ಯಾಂಗ ಬರೀತಿದ್ದಿ, ಕೈ ಎಲ್ಲಿ ಊರತಿದ್ದಿ ಅಂತ ನೆನಸ್ಕೋತ ನೆನಸ್ಕೋತ ಬರದೆ. ಬರಲಿಲ್ಲ. ಹತ್ತ ವರ್ಷ ನಿನ್ನ ಬಾಜೂ ಕುಂತು ನಾ ನಿನ್ನ ಕೈ ನೋಡಿದ್ದ ಇಲ್ಲ, ಬರೇ ಮಾತ ಕೇಳಿದ್ದೆ.”

ಬಾಯಿಯವರೇ, ಇಲ್ಲಿ ಮೆಹೆರಾಜ ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದಾಳೆ. ಬರಿ ಎಂದಿದ್ದೇನೆ.

ನಾನು ಬಸ್ ಸ್ಟ್ಯಾಂಡಿನಲ್ಲಿ ನೋಡಿದ್ದು ಅಚ್ಚಾದ ಪುಸ್ತಕ. ಅಚ್ಚಿನಲ್ಲಿ ರಬ್ಬರು ಉಜ್ಜಿದ್ದು ಬರುವುದಿಲ್ಲ. ಗೆರೆ ಮಾತ್ರ ಬರುತ್ತದೆ. ಆ ಗೆರೆ ನೋಡಿ ಇವನು ನನ್ನನ್ನು ಹಂಗಿಸಿದ ಎಂದು ಹದಿನೆಂಟು ವರ್ಷ ಬೈದೆ. ಈ ಹಾಳೆಯನ್ನು ಅವತ್ತೇ ಕೈಯಲ್ಲಿ ಹಿಡಿದಿದ್ದರೆ ಅವತ್ತೇ ಬೈಲಹೊಂಗಲದ ಬಸ್ಸು ಹತ್ತುತ್ತಿದ್ದೆ. ಮೂಲ ಮೂಲ ಎಂದು ನೀವು ಯಾಕೆ ಜೀವ ತೇಯುತ್ತೀರಿ ಎಂದು ನನಗೆ ನಿನ್ನೆ ತಿಳಿಯಿತು.

ಮೊಣಕಾಲನ್ನು ನಾನು ತಿದ್ದಲಿಲ್ಲ. ಆ ಕಾಗದ ಇನ್ನು ಮಸಿ ತಡೆಯುವುದಿಲ್ಲ. ತಡೆದಿದ್ದರೂ ತಿದ್ದುತ್ತಿರಲಿಲ್ಲ. ವೀರಪ್ಪ ಜಗಳಕ್ಕೇ ನಿಂತ, “ಕರಾರ ಕರಾರ” ಅಂದ. “ಇದರ ಮ್ಯಾಲ ಕೈ ಇಟ್ಟರ ನಿನ್ನ ಕಾಲ ಮುರೀತೇನಿ” ಅಂದೆ. ಕುಳಿತು ಅತ್ತ. ನಾನೂ ಅತ್ತೆ. ತೇಯ್ದ ಮಸಿ ಒಣಗಿ ಹೋಯಿತು.

ಮೆಹೆರಾಜ ಜೋಳದ ರೊಟ್ಟಿ, ಬದನಿಕಾಯಿ ಪಲ್ಯ ಮಾಡಿದಳು. ನಾಲ್ಕು ರೊಟ್ಟಿ ತಿಂದ, ಉಪ್ಪು ಕಡಿಮೆ ಎಂದು ಹೆಸರಿಟ್ಟ. ಸಂಜೆಯ ಬಸ್ಸು ಹೋಯಿತು ಎಂದೆ, ಹೋಗಲಿ ಎಂದ.

ಪುಟ ನಿಮ್ಮದು. ನಾವಿಬ್ಬರೂ ಅದಕ್ಕೆ ಒಂದು ಚುಕ್ಕೆ ಸಹ ಹಚ್ಚಿಲ್ಲ. ಒಯ್ಯಲಿಕ್ಕೆ ಬನ್ನಿ, ಆದರೆ ಈ ವಾರ ಬೇಡ. ವೀರಪ್ಪ ಇನ್ನೂ ಇಲ್ಲೇ ಇದ್ದಾನೆ.

ಟಿಪ್ಪುಸಾಬ